ಗಾಳಿಗೆ ಹಿಡಿದ ನಿರಿಗೆ

ನಮ್ಮೂರಿನಲ್ಲಿ ನಿಟ್ಟುಸಿರು ಬಿಡುವವರನ್ನು ಜನ ಕಳ್ಳರಂತೆ ನೋಡುತ್ತಾರೆ. ಬಿಡುವುದರ ಬಗ್ಗೆ ತಕರಾರಿಲ್ಲ. ಬಿಡುವ ಮೊದಲು ಅಷ್ಟುದ್ದ ಎಳೆದುಕೊಂಡಿರಬೇಕಲ್ಲ, ತಕರಾರು ಅದರದ್ದು. ಸುತ್ತ ಗುಡ್ಡ, ನಡುವೆ ಬೋಗುಣಿಯಂಥ ತಗ್ಗು, ಆ ತಗ್ಗಿನ ತಳದಲ್ಲಿ ಊರು. ಗುಡ್ಡದಾಚೆಯ ಗಾಳಿ ಇಳಿದು ಬರುವುದಿಲ್ಲ, ಇಲ್ಲಿಯದು ಹತ್ತಿ ಹೋಗುವುದಿಲ್ಲ. ಇರುವಷ್ಟನ್ನೇ ಎಲ್ಲರೂ ಹಂಚಿಕೊಂಡು ಉಸಿರಾಡಬೇಕು. ಹೀಗೇಕೆ ಎಂದು ಕೇಳಿದವರು ಹಿಂದೆಯೂ ಇದ್ದರಂತೆ. ಉತ್ತರ ಹೇಳುವಷ್ಟು ಉಸಿರು ಯಾರಲ್ಲೂ ಇರಲಿಲ್ಲ.

ಒಗ್ಗಿಕೊಂಡಿದ್ದೇವೆ. ಮದುವೆಯಲ್ಲಿ ಶಹನಾಯಿ ಊದಿಸುವುದಿಲ್ಲ, ತಂತಿ ವಾದ್ಯ ಮಾತ್ರ. ಜಗಳ ಬಂದರೆ ಒಬ್ಬ ಬೈದು, ಕಟ್ಟೆಯ ಮೇಲೆ ಕೂತು, ಸುಧಾರಿಸಿಕೊಂಡು ಇನ್ನೊಬ್ಬನಿಗೆ ಅವಕಾಶ ಕೊಡುತ್ತಾನೆ; ಎರಡನೆಯ ಸುತ್ತು ಬರುವಷ್ಟರಲ್ಲಿ ಕಾರಣ ಮರೆತಿರುತ್ತದೆ. ಮನೆಗೆ ನಾಲ್ಕು ಜನ ನೆಂಟರು ಬಂದರೆ ಮನೆಯವರು ನಾಲ್ಕು ಜನ ಎದ್ದು ಗುಡ್ಡ ಹತ್ತಿ ಕಣಿವೆಯಾಚೆ ಹೋಗಿ ಕೂರಬೇಕು. ಹೀಗಾಗಿ ನಮ್ಮಲ್ಲಿ ಸ್ವಂತ ನೆಂಟರ ಮುಖ ನೋಡಿದವರು ಕಡಿಮೆ. ಕಣಿವೆಯಾಚೆ ಬೇಕಾದಷ್ಟು ಗಾಳಿ ಇದೆ, ಆದರೆ ನಮಗೆ ಅದು ಸೇರುವುದಿಲ್ಲ. ಮೊದಲ ದಿನ ತಲೆ ಹಗುರಾಗುತ್ತದೆ, ಎರಡನೆಯ ದಿನ ಕಾರಣವಿಲ್ಲದೆ ನಗು, ಮೂರನೆಯ ದಿನ ಕಾಲು ನೆಲ ಹತ್ತುವುದಿಲ್ಲ. ನಾಲ್ಕನೆಯ ದಿನ ಏನಾಗುತ್ತದೆಂದು ಹೇಳಲು ಯಾರೂ ಮರಳಿ ಬಂದಿಲ್ಲ.

ಇಂಥ ಊರಿನ ಗಾಳಿ ಹಂಚಿಕೆ ಕಚೇರಿಯಲ್ಲಿ ನಾನು ಸೀಲು ಹಾಕುವವನು. ಊರಿನಲ್ಲಿ ನಲವತ್ತಾರು ಮೋಟಾರ್‌ಸೈಕಲ್‌ಗಳಿದ್ದವು. ಪ್ರತಿಯೊಂದರ ಗಾಳಿ ಎಳೆಯುವ ಬಾಯಿಗೂ ದಪ್ಪ ಬಟ್ಟೆಯ ಚೀಲ ಕಟ್ಟಿ, ತಂತಿ ಬಿಗಿದು, ತಂತಿಯ ಗಂಟಿಗೆ ಸೀಸದ ಸೀಲು ಒತ್ತುವುದು ನನ್ನ ಕೆಲಸ. ಚೀಲಕ್ಕೆ ಮೂಗುಬಟ್ಟೆ ಎನ್ನುತ್ತಾರೆ. ಮೂಗುಬಟ್ಟೆ ಕಟ್ಟಿದ ಗಾಡಿ ಮನುಷ್ಯ ನಡೆದಷ್ಟೇ ವೇಗದಲ್ಲಿ ಹೋಗುತ್ತದೆ. ಪಕ್ಕದಲ್ಲಿ ನಡೆದು ಬರುವವರ ಜೊತೆ ಸವಾರ ಮನೆಯ ಸಮಾಚಾರ ಮಾತಾಡುತ್ತ ಹೋಗಬಹುದು. ಮೂರನೆಯ ಮತ್ತು ನಾಲ್ಕನೆಯ ಗೇರುಗಳು ಕಂಪನಿಯವರು ಅಲಂಕಾರಕ್ಕೆ ಇಟ್ಟವು ಎಂದೇ ಜನ ನಂಬಿದ್ದರು.

ನನಗೆ ಇನ್ನೊಂದು ಕೆಲಸವೂ ಇತ್ತು. ಊರಲ್ಲಿ ಕೂಸು ಹುಟ್ಟಿದ ಏಳನೆಯ ದಿನದಿಂದ ಇಪ್ಪತ್ತೊಂದು ದಿನ, ದಿನಕ್ಕೆ ಮೂರು ಸಲ, ಅದಕ್ಕೆ ಉಸಿರು ಕಲಿಸಬೇಕು. ಬ್ಯಾಂಡೇಜ್ ಬಟ್ಟೆಯನ್ನು ಎಂಟು ಪದರ ಮಡಚಿ, ನೀರಲ್ಲಿ ಅದ್ದಿ, ಕೂಸಿನ ಮೂಗು ಬಾಯಿಯ ಮೇಲೆ ಇಟ್ಟು, ಹೊರಗಿನವರಿಗೂ ಕೇಳುವಂತೆ ಇಪ್ಪತ್ತರವರೆಗೆ ಎಣಿಸುವುದು. ಮಕ್ಕಳು ಬೇಗ ಕಲಿಯುತ್ತವೆ. ಆರಂಭದಲ್ಲಿ ಕಾಲು ಬಡಿಯುತ್ತವೆ, ವಾರ ಕಳೆದರೆ ಬಟ್ಟೆ ನೋಡಿದ ಕೂಡಲೇ ತಾವಾಗಿಯೇ ಉಸಿರು ಬಿಗಿಹಿಡಿಯುತ್ತವೆ. ನಾನೂ ಕಲಿತವನೇ. ಊರೆಲ್ಲ ಕಲಿತದ್ದೇ.

ಮೆಕ್ಯಾನಿಕ್ ಗುರುಪಾದ ಮತ್ತು ಅವನ ಹೆಂಡತಿ ನೀಲವ್ವನ ಮೊದಲ ಮಗಳು ಮಾತ್ರ ಕಲಿಯಲಿಲ್ಲ. ಅವಳಿಗೆ ಹದಿನಾರನೆಯ ದಿನ, ಬೆಳಗಿನ ಸರದಿ. ಹನ್ನೊಂದು ಅಂದಾಗ ಕಾಲು ನಿಂತವು. ನಾನು ಇಪ್ಪತ್ತರವರೆಗೂ ಎಣಿಸಿದೆ. ನಿಯಮ ಹಾಗಿತ್ತು, ನನ್ನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿತ್ತು. ಆಮೇಲೆ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಮಣ್ಣು ಮಾಡಿ ಬರುವಾಗ ಇಬ್ಬರು, ಪಾಪ ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ, "ಈ ಓಣ್ಯಾಗ ಸ್ವಲ್ಪ ಹಗುರ ಆದಂಗ ಆತಲ್ಲ" ಎಂದರು.

ಇದಾಗಿ ಎರಡು ವರ್ಷದ ಮೇಲೆ, ಸೀಲು ನೋಡುವ ನೆಪದಲ್ಲಿ ಗುರುಪಾದನ ಶೆಡ್ಡಿಗೆ ಹೋದೆ. ಗಂಡ ಹೆಂಡತಿ ಚಾಪೆಯ ಮೇಲೆ ಎದುರುಬದುರು ಕೂತಿದ್ದರು. ನೀಲವ್ವನಿಗೆ ಎಂಟು ತಿಂಗಳು ತುಂಬಿತ್ತು. ಅವಳ ತೊಡೆಯ ಮೇಲೆ ಹಿಟ್ಟಿನ ಜರಡಿಯಿಂದ ಕಿತ್ತ ಸಣ್ಣ ಕಣ್ಣಿನ ಜಾಲರಿ, ಕೈಯಲ್ಲಿ ಹಳೆಯ ಕೊಡೆಯ ಕಡ್ಡಿ. ಜಾಲರಿಯನ್ನು ಆ ಕಡ್ಡಿಗೆ ಒತ್ತಿ ಒತ್ತಿ, ಹಿಂದೆ ಮುಂದೆ ಮಡಚಿ, ನಿರಿಗೆ ಹಿಡಿಯುತ್ತಿದ್ದಳು.

"ಸೀಲ್ ಮುರದಿಲ್ರಿ ಸಾಹೇಬ್ರ," ಎಂದ ಗುರುಪಾದ, ನಾನು ಕೇಳುವ ಮೊದಲೇ. "ಇದು ಬ್ಯಾರೇನ."

"ಬ್ಯಾರೆ ಅಂದ್ರ ಏನು?"

"ಫಿಲ್ಟರ್ರಿ. ಕಂಪನೀದು ಕಾಗದದ್ದು. ಅದರ ಮ್ಯಾಲ ನಿಮ್ಮ ಮೂಗುಬಟ್ಟಿ. ಗಾಡಿ ಹುಟ್ಟಿದಾಗಿಂದ ಒಂದ್ ಸಲಾನೂ ಹೊಟ್ಟಿ ತುಂಬ ಗಾಳಿ ಕುಡದಿಲ್ಲ. ಇದು ಕುಡಸತೈತಿ."

ಹಳೆಯ ಫಿಲ್ಟರಿನ ಕಾಗದ ಹರಿದು ತೆಗೆದು, ಅದರ ಮೇಲಿನ ಕೆಳಗಿನ ತಗಡಿನ ಬಳೆಗಳನ್ನು ಮಾತ್ರ ಇಟ್ಟುಕೊಂಡಿದ್ದ. ಎರಡು ಪದರ ಜಾಲರಿ, ನಡುವೆ ನಾಲ್ಕು ಪದರ ತೆಳು ಬಟ್ಟೆ; ಮೂರನ್ನೂ ಸೇರಿಸಿ ನಿರಿಗೆ ಹಿಡಿದು, ಬಳೆಯಂತೆ ಸುತ್ತಿ, ತಗಡಿಗೆ ಅಂಟು ಹಾಕಿ ಕೂರಿಸುವುದು. ಬಟ್ಟೆಗೆ ಹೊಲಿಗೆ ಮಷೀನಿನ ಎಣ್ಣೆಯನ್ನು ಹನಿ ಹನಿಯಾಗಿ ಕುಡಿಸುವುದು. ಕಣ್ಣು ದೊಡ್ಡದಾದರೂ ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ, ಗಾಳಿ ಮಾತ್ರ ಒಳಗೆ ಹೋಗುತ್ತದೆ.

"ನಿರಿಗೆ ಯಾಕ ಬೇಕು?" ಎಂದೆ.

ನೀಲವ್ವ ತಲೆ ಎತ್ತಲಿಲ್ಲ. "ಸೀರಿಗೆ ಯಾಕ ಹಿಡೀತಾರ್ರಿ? ಅಷ್ಟ್ ಉದ್ದದ ಅರಿವಿ ಒಂದ್ ಗೇಣಿನಾಗ ಕುಂದರ್ಲಿ ಅಂತ. ಇದೂ ಹಂಗ. ಬಟ್ಟಿ ಹೆಚ್ಚಾತಂದ್ರ ಗಾಳಿಗೆ ಬಾಗಲಾ ಹೆಚ್ಚಾತು."

ಅವರ ಲೆಕ್ಕಾಚಾರ ಸರಳವಾಗಿತ್ತು. ಅದನ್ನು ಹೇಳಿಕೊಟ್ಟವಳು ಸೂಲಗಿತ್ತಿ ಹುಸೇನಬಿ. ಕೂಸು ಮೊದಲ ಉಸಿರನ್ನು ಎಲ್ಲಿ ಎಳೆಯುತ್ತದೋ ಅಲ್ಲಿಯ ಗಾಳಿಯಷ್ಟು ಅದರ ಎದೆ ಅಗಲವಾಗುತ್ತದೆ ಎಂಬುದು ಆಕೆಯ ಮಾತು. ಮೊದಲ ಮಗಳ ಎದೆ ಕಿರಿದಾಗಿತ್ತು, ಇಪ್ಪತ್ತರ ಎಣಿಕೆ ತಾಳಲಿಲ್ಲ. ಈ ಕೂಸು ಕಣಿವೆಯಾಚೆ ಹುಟ್ಟಿದರೆ ಎದೆ ಅಗಲವಾಗುತ್ತದೆ, ಇಪ್ಪತ್ತು ಅದಕ್ಕೆ ಯಾವ ಲೆಕ್ಕವೂ ಅಲ್ಲ. ಆದರೆ ಆಚೆ ಮೂರು ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಮೊದಲೇ ಹೋಗಿ ಕಾಯುವ ಹಾಗಿಲ್ಲ. ನೋವು ಶುರುವಾದ ಮೇಲೇ ಹೊರಡಬೇಕು. ಮೂಗುಬಟ್ಟೆಯ ಗಾಡಿ ಇಬ್ಬರನ್ನು ಹೊತ್ತು ಗುಡ್ಡ ಹತ್ತುವುದಿಲ್ಲ. ಹೊತ್ತುಕೊಂಡು ಹೋಗಬೇಕೆಂದರೆ ಎಂಟು ಜನ ಬೇಕು, ಎಂಟು ಜನ ಏದುಸಿರು ಬಿಡಲು ಕಚೇರಿಯ ಪರವಾನಗಿ ಬೇಕು, ಪರವಾನಗಿಗೆ ಹದಿನೈದು ದಿನ ಬೇಕು.

"ಎಲ್ಲಾ ಆಗೇತಿ," ಎಂದ ಗುರುಪಾದ. "ಬಟ್ಟಿ ಒಂದ ಸಿಕ್ಕಿಲ್ಲ. ಪಂಚೆ ಹಾಕಿ ನೋಡಿದೆ, ಭಾಳ ದಟ್ಟ ಆಗತೈತಿ. ಬ್ಯಾಂಡೇಜ್ ಬಟ್ಟಿ ಆದ್ರ ಬರೋಬ್ಬರಿ."

ನೀಲವ್ವ ಆಗ ತಲೆ ಎತ್ತಿದಳು. "ಅದು ಸಾಹೇಬ್ರ ಕಪಾಟಿನಾಗ ಐತಲ್ಲ," ಎಂದಳು. ಬೈಗುಳವನ್ನು ನಾನು ಸಾಕಷ್ಟು ಕೇಳಿದ್ದೇನೆ, ಪುಸ್ತಕಗಳಲ್ಲಿ ಇನ್ನೂ ಹೆಚ್ಚು ಓದಿದ್ದೇನೆ. ಇಷ್ಟು ಕಡಿಮೆ ಉಸಿರಿನಲ್ಲಿ ಮುಗಿದದ್ದು ಇದೊಂದೇ.

ಮರುದಿನ ನಾಲ್ಕು ಗಜ ಬಟ್ಟೆ ಒಯ್ದು ಕೊಟ್ಟೆ. ಒದ್ದೆ ಮಾಡಿ ಮಡಚಿದರೆ ಉಸಿರು ನಿಲ್ಲಿಸುವ ಬಟ್ಟೆಯನ್ನೇ ಎಣ್ಣೆ ಸವರಿ ಬಿಡಿಸಿ ಹಿಡಿದರೆ ಇಂಜಿನ್ನಿಗೆ ಉಸಿರು ಕೊಡುತ್ತದೆ ಎಂಬುದು ಇಷ್ಟು ವರ್ಷ ಕಪಾಟಿನ ಬೀಗದ ಕೈ ಇಟ್ಟುಕೊಂಡ ನನಗೆ ಹೊಳೆದಿರಲಿಲ್ಲ.

ಹತ್ತು ದಿನಕ್ಕೆ ಫಿಲ್ಟರ್ ತಯಾರಾಯಿತು. ಗುರುಪಾದ ಅದನ್ನು ಬಿಸಿಲಿಗೆ ಹಿಡಿದು ತೋರಿಸಿದ. ಅರವತ್ತನಾಲ್ಕು ನಿರಿಗೆ, ಒಂದೂ ಇನ್ನೊಂದಕ್ಕಿಂತ ದಪ್ಪವಿಲ್ಲ. ಎಣ್ಣೆ ಎಲ್ಲಿ ಕುಡಿದಿದೆ, ಎಲ್ಲಿ ಕುಡಿದಿಲ್ಲ ಎಂದು ಬೆಳಕು ಹೇಳುತ್ತಿತ್ತು. ನಾನೇ ಇಕ್ಕಳದಿಂದ ಅವನ ಗಾಡಿಯ ಸೀಲು ಕತ್ತರಿಸಿದೆ. ಕತ್ತರಿಸುವ ಸದ್ದು ಇಡೀ ಓಣಿಗೆ ಕೇಳಿತು ಅನ್ನಿಸಿತು, ಕೇಳಿರಲಿಕ್ಕಿಲ್ಲ.

ಶೆಡ್ಡಿನ ಬಾಗಿಲು ಹಾಕಿಕೊಂಡೇ ಸ್ಟಾರ್ಟ್ ಮಾಡಿದ್ದು ಮೊದಲ ತಪ್ಪು. ಗಾಡಿ ಹೊಸ ದನಿಯಲ್ಲಿ ಗುರುಗುಟ್ಟಿತು. ಗುರುಪಾದ ಏನೋ ಹೇಳಲು ಬಾಯಿ ತೆರೆದ. ಮಾತು ಬರಲಿಲ್ಲ, ಆಕಳಿಕೆ ಬಂತು. ನನಗೂ ಬಂತು. ಎಷ್ಟು ಹಿತವಾದ ನಿದ್ದೆ ಎಂದುಕೊಂಡದ್ದು ನೆನಪಿದೆ. ಹೊರಗಿದ್ದ ನೀಲವ್ವ ಬಾಗಿಲು ಒದ್ದು ಒಳಗೆ ಬಂದು ಇಂಜಿನ್ ಬಂದ್ ಮಾಡಿದಾಗ ನಾವಿಬ್ಬರೂ ಸ್ಪ್ಯಾನರುಗಳ ಮೇಲೆ ಮಲಗಿದ್ದೆವು.

"ಹೊಗಿಗೆ ತಲಿ ತಿರಿಗಿರಬೇಕು," ಎಂದ ಗುರುಪಾದ ಎದ್ದು ಕೂತು.

"ಹೊಗಿ ಅಲ್ಲ," ಎಂದಳು ನೀಲವ್ವ. "ನಿಮ್ಮಿಬ್ಬರದೂ ಅದು ಕುಡೀತು."

ಅವನು ಪ್ಲಗ್ ಬಿಚ್ಚಿ ನೋಡಿದ. ಪ್ಲಗ್ಗಿನ ತುದಿ ಎಲುಬಿನಂತೆ ಬೆಳ್ಳಗಾಗಿತ್ತು. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಹಾಗಾಗುತ್ತದಂತೆ, ಇಂಜಿನ್ ತನ್ನನ್ನೇ ಸುಟ್ಟುಕೊಳ್ಳುತ್ತದಂತೆ. ಗುಜರಿಗೆ ಬಿದ್ದ ದೊಡ್ಡ ಗಾಡಿಯೊಂದರಿಂದ ಪೆಟ್ರೋಲು ಒಳಬಿಡುವ ಪುಟ್ಟ ಜೆಟ್ ತಂದು ಹಾಕಿದ. ಅದರ ತೂತು ಮೊದಲಿನದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಆಮೇಲೆ ಪ್ಲಗ್ಗು ಹುರಿದ ಕಡಲೆಯ ಬಣ್ಣಕ್ಕೆ ಬಂತು. "ಇನ್ನ ಪಕ್ಕಾ," ಎಂದ.

ಪರೀಕ್ಷೆಗೆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಪೇಟೆ ಬೀದಿಯಲ್ಲಿ ಒಂದು ಸುತ್ತು ಹೋಗುವುದೆಂದಾಯಿತು. ನಾನು ಚಹಾದಂಗಡಿಯ ಬಾಂಕಿನ ಮೇಲೆ ಕೂತು ನೋಡುತ್ತಿದ್ದೆ. ಗಾಡಿಯ ಸದ್ದು ಕೇಳುವ ಮೊದಲು ಅಂಗಡಿಯ ಊದುಬತ್ತಿಯ ಹೊಗೆ ಬೀದಿಯ ಕಡೆ ಬಾಗಿತು. ಆಮೇಲೆ ಒಲೆಯ ಉರಿ ಪಾತ್ರೆ ಬಿಟ್ಟು ಅಡ್ಡಡ್ಡ ಚಾಚಿ, ಯಜಮಾನನನ್ನು ಗುರುತಿಸಿದ ನಾಯಿಯ ಹಾಗೆ ಆ ಕಡೆ ನೋಡಿತು. ದರ್ಜಿ ಗಿರಾಕಿಗೆ ಅಳತೆ ಹೇಳುತ್ತಿದ್ದವನು ಮೂವತ್ತ... ಎಂದು ನಿಂತ. ಗುರುಪಾದ ಹಾದು ಹೋದ. ಸವಾರನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅವನು ಮೂರನೆಯ ಗೇರಿನಲ್ಲಿದ್ದ. ಅವನ ಹಿಂದೆ, ಬೀದಿಯ ಈ ತುದಿಯಿಂದ ಆ ತುದಿಗೆ, ಸಾಲಾಗಿ ಒಬ್ಬರಾದ ಮೇಲೆ ಒಬ್ಬರು ಆಕಳಿಸಿದರು. ವಿದ್ಯುತ್ ತಂತಿಯ ಮೇಲಿದ್ದ ಗುಬ್ಬಿಗಳು ಇಳಿದು ಬಂದು ನೆಲದ ಮೇಲೆ ಕೂತವು.

ಅಂದು ಪೇಟೆಯಲ್ಲಿ ಮೂವರು ತಲೆಸುತ್ತಿ ಬಿದ್ದರು. ಪಿತ್ತ ಎಂದರು. ಆದರೆ ಗುರುಪಾದನ ಪಕ್ಕದ ಮನೆಯ ಬಾಳಕ್ಕನಿಗೆ ಪಿತ್ತವೂ ಗೊತ್ತು, ಗುರುಪಾದನೂ ಗೊತ್ತು. ಅವಳು ಶೆಡ್ಡಿಗೆ ಬಂದು ಬಾಗಿಲಲ್ಲಿ ನಿಂತಳು.

"ಏನ್ ಕಟ್ಟೀಯೋ ಮಾರಾಯ ಆ ಗಾಡಿಗೆ? ನಾ ಹೂ ಮಾರಾಕ ಕುಂತಾಕಿ ಹೂವಿನ ಬುಟ್ಟ್ಯಾಗ ಮಕಾ ಇಟ್ಟು ಮಲಗೀನಿ. ಎದ್ದು ನೋಡಿದ್ರ ಅರ್ಧ ಮಾಲಿ ಹೊತ್ಕೊಂಡ್ ಹೋಗ್ಯಾರ."

ಗುರುಪಾದ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಎಲ್ಲ ಹೇಳಿದ. ಬಾಳಕ್ಕ ನೀಲವ್ವನ ಹೊಟ್ಟೆ ನೋಡಿದಳು, ನನ್ನನ್ನು ನೋಡಿದಳು, ಗಾಡಿ ನೋಡಿದಳು. "ಹೋಗೂ ದಿನಾ ಮೊದಲ ಹೇಳ್ರಿ. ಬುಟ್ಟಿ ಒಳಗಿಟ್ಟು ಮಲಕೋತೀನಿ," ಎಂದು ಹೋದಳು.

ಇದರಿಂದ ಮಾತು ಊರಿಗೆಲ್ಲ ಹರಡಿತು. ನಾನು ನಮ್ಮ ಕಚೇರಿಯ ಚೇರ್ಮನ್ನರ ಕರೆಗಾಗಿ ಕಾಯುತ್ತಿದ್ದೆ, ಕರೆ ಬರಲಿಲ್ಲ. ತಡೆಯಬೇಕೆಂದರೆ ಸಭೆ ಕರೆಯಬೇಕು, ಸಭೆಯಲ್ಲಿ ಎಲ್ಲರೂ ಮಾತಾಡುತ್ತಾರೆ, ಅದಕ್ಕೆ ಇನ್ನೂ ಹೆಚ್ಚು ಗಾಳಿ ಖರ್ಚು. ಚೇರ್ಮನ್ನರು ಯಾವತ್ತೂ ಮಿತವ್ಯಯಿ.

ನೋವು ಬಂದದ್ದು ಶುಕ್ರವಾರ ಮಟಮಟ ಮಧ್ಯಾಹ್ನ. ಹುಸೇನಬಿ ಓಣಿ ಓಣಿ ನಡೆದು ಒಂದೇ ಮಾತು ಹೇಳಿದಳು: "ಮಲಗ್ರಿ." ಜನ ಅಂಗಡಿ ಮುಂದೆ, ಕಟ್ಟೆಯ ಮೇಲೆ, ಬೀದಿಯ ನಡುವೆ ದಾರಿ ಬಿಟ್ಟು, ಇದ್ದಲ್ಲೇ ಮಲಗಿದರು. ದಯೆಯಿಂದ ಎಂದು ಬರೆಯಲು ನನಗೆ ಆಸೆ. ಆದರೆ ನಿಂತಿದ್ದರೆ ಬೀಳುತ್ತೇವೆ, ಬಿದ್ದರೆ ಹಲ್ಲು ಹೋಗುತ್ತವೆ ಎಂದು ಬುಧವಾರ ಎಲ್ಲರಿಗೂ ತಿಳಿದಿತ್ತು. ನಾನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಚೇರ್ಮನ್ನರ ಪಕ್ಕದಲ್ಲಿ ಮಲಗಿದೆ. ಅವರು ಮೂಗು ಹಿಡಿದುಕೊಂಡಿದ್ದರು. ಹಿಡಿದರೆ ತಮ್ಮ ಪಾಲು ಒಳಗೇ ಉಳಿಯುತ್ತದೆ ಎಂದು ಇರಬೇಕು.

ಮಧ್ಯಾಹ್ನದ ಬಿಸಿಲಲ್ಲಿ ಇಡೀ ಊರು ಸತ್ತಂತೆ ಮಲಗಿತ್ತು, ಒಂದೇ ಒಂದು ಇಂಜಿನ್ ಜೀವಂತವಿತ್ತು. ಸದ್ದು ಹತ್ತಿರ ಬಂತು, ಹಾದು ಹೋಯಿತು. ಕ್ಷಣ ಮಾತ್ರ ನೀಲವ್ವನ ಕಾಲುಂಗುರ ಕಂಡೆ. ಆಮೇಲೆ ನನ್ನ ಎದೆಯಿಂದ ಏನೋ ಸದ್ದಿಲ್ಲದೆ ಎದ್ದು ಅವರ ಹಿಂದೆ ಹೋಯಿತು. ನೂಲಿನುಂಡೆ ಬಿಚ್ಚಿಕೊಳ್ಳುತ್ತ ಹೋಗುವ ಹಾಗೆ. ಗುಡ್ಡದ ಮೊದಲ ತಿರುವು, ಎರಡನೆಯ ತಿರುವು. ಅಲ್ಲೊಮ್ಮೆ ಗೇರು ಬದಲಾದದ್ದು ಕೇಳಿತು. ನಾಲ್ಕನೆಯದು ಅಲಂಕಾರಕ್ಕಲ್ಲ ಎಂದು ತಿಳಿಯಲು ಆಗ ಊರಲ್ಲಿ ಯಾರಿಗೂ ಎಚ್ಚರವಿರಲಿಲ್ಲ, ನನ್ನನ್ನು ಬಿಟ್ಟು. ಆಮೇಲೆ ನನಗೂ ಇರಲಿಲ್ಲ.

ಎದ್ದಾಗ ಅವರು ಕಣಿವೆ ದಾಟಿದ್ದರು. ಎದ್ದವರನ್ನು ಎಣಿಸುತ್ತ ಬೀದಿಯುದ್ದಕ್ಕೂ ಹೋದೆ. ಎಲ್ಲರೂ ಎದ್ದಿದ್ದರು. ಒಂದು ನಾಯಿ ಏಳಲಿಲ್ಲ.

ಮುಂದಿನ ಮೂರು ದಿನದ ಬಗ್ಗೆ ಊರಿನವರು ಮಾತಾಡಲು ಇಷ್ಟಪಡುವುದಿಲ್ಲ. ಅಷ್ಟು ಚೆನ್ನಾಗಿದ್ದವು. ಎರಡೂವರೆ ಜನ ಮತ್ತು ಒಂದು ಇಂಜಿನ್ ಊರು ಬಿಟ್ಟಿದ್ದವು. ಆ ಪಾಲೆಲ್ಲ ಉಳಿದವರಿಗೆ ಬಂದಿತ್ತು. ಹಜಾಮ ಕತ್ತರಿಯ ತಾಳಕ್ಕೆ ಒಂದು ಪೂರ್ತಿ ಪದ ಹಾಡಿದ. ಬಾಳಕ್ಕ ಬೀದಿಯ ಆ ಬದಿಯಿಂದ ಈ ಬದಿಗೆ ಕೂಗಿ ಕರೆದಳು, ತನ್ನ ದನಿ ಕೇಳಿ ತಾನೇ ಬೆಚ್ಚಿದಳು. ಹೆಂಗಸರು ಒಲೆ ಊದಿದರು. ಚೇರ್ಮನ್ನರು ಒಂದು ನಿಟ್ಟುಸಿರು ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಮೂರನೆಯ ದಿನ ಸಂಜೆ ಜನ ಒಬ್ಬೊಬ್ಬರಾಗಿ ಬಂದು ಊರಬಾಯಲ್ಲಿ ನಿಂತು ಗುಡ್ಡದ ಕಡೆ ನೋಡುತ್ತಿದ್ದರು. ಅವರು ಬರಲಿ ಎಂದು ಕಾಯುತ್ತಿದ್ದರೋ ಬಾರದಿರಲಿ ಎಂದೋ ನಾನು ಕೇಳಲಿಲ್ಲ. ಕೇಳಿದ್ದರೆ ನನ್ನನ್ನೂ ಯಾರಾದರೂ ಕೇಳುತ್ತಿದ್ದರು.

ಇಂಜಿನ್ ಸದ್ದು ಬರಲಿಲ್ಲ. ಗುರುಪಾದ ಇಂಜಿನ್ ಆರಿಸಿ, ಗಾಡಿ ತಳ್ಳಿಕೊಂಡು ಇಳಿದು ಬಂದ. ಗಾಳಿ ಸೇರದೆ ಅವನ ಕಾಲು ತೂರಾಡುತ್ತಿದ್ದವು, ನಗು ತಡೆಯಲಾಗದೆ ಕಣ್ಣಲ್ಲಿ ನೀರು. ನೀಲವ್ವ ನಗುತ್ತಿರಲಿಲ್ಲ. ಅವಳ ತೋಳಲ್ಲಿ ಗಂಡು ಕೂಸು. ಗುರುಪಾದ ನನ್ನೆದುರು ಫಿಲ್ಟರ್ ಬಿಚ್ಚಿ ಕೈಗೆ ಕೊಟ್ಟ. "ಕೆಲಸ ಮುಗೀತ್ರಿ. ಮೂಗುಬಟ್ಟಿ ಕಟ್ಟಿಬಿಡ್ರಿ," ಎಂದ.

ಕೂಸು ಆಗ ಅತ್ತಿತು. ನಮ್ಮೂರಿನ ಕೂಸುಗಳ ಅಳು ಬಾಗಿಲ ಕೀಲು ಕಿರುಗುಟ್ಟಿದಷ್ಟು. ಇದು ಹಾಗಲ್ಲ. ಅಳುವ ಮೊದಲು ಅದು ಉಸಿರೆಳೆಯಿತು, ಎಳೆಯುತ್ತಲೇ ಇತ್ತು. ಊರಬಾಯಲ್ಲಿ ನಿಂತವರೆಲ್ಲ ಒಂದು ಹೆಜ್ಜೆ ಅದರ ಕಡೆ ವಾಲಿದರು. ಆಮೇಲೆ ಸಾಲಾಗಿ ಆಕಳಿಸಿದರು.

ಅಗಲ ಎದೆಯ ಕೂಸು ಇಪ್ಪತ್ತರ ಎಣಿಕೆ ತಾಳುತ್ತದೆ ಎಂದು ಲೆಕ್ಕ ಹಾಕಿದ್ದರು. ಅಗಲ ಎದೆ ಎಷ್ಟು ಎಳೆಯುತ್ತದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ: ಗುರುಪಾದ ಹಾಕಲಿಲ್ಲ, ಹುಸೇನಬಿ ಹಾಕಲಿಲ್ಲ, ಅಷ್ಟು ಪುಸ್ತಕ ಓದಿದ ನಾನೂ ಹಾಕಲಿಲ್ಲ. ಹುಟ್ಟಿದಾಗಿನಿಂದ ಉಸಿರು ಕಡಿಮೆ ಮಾಡುವುದನ್ನೇ ಕಲಿತವರಿಗೆ ಹೆಚ್ಚು ಎಂದರೆ ಎಷ್ಟೆಂದು ಊಹಿಸಲು ಬರುವುದಿಲ್ಲ.

ನಾಲ್ಕು ದಿನದಲ್ಲಿ ಓಣಿಯ ಬೆಕ್ಕುಗಳು ಮನೆ ಬದಲಿಸಿದವು. ಗುರುಪಾದನ ಮನೆಯ ದೀಪದ ಕುಡಿ ಸದಾ ತೊಟ್ಟಿಲ ಕಡೆ ಬಾಗಿರುತ್ತಿತ್ತು. ಅಕ್ಕಪಕ್ಕದ ಮನೆಯವರಿಗೆ ಬೆಳಿಗ್ಗೆ ಏಳಲಾಗದಷ್ಟು ತಲೆನೋವು. ಬಾಳಕ್ಕ ಕಟ್ಟೆ ಹತ್ತಲು ಮೂರು ಸಲ ಕೂರುತ್ತಿದ್ದಳು. ಏಳನೆಯ ದಿನ ಬೆಳಿಗ್ಗೆ ಚೇರ್ಮನ್ನರು ನನ್ನನ್ನು ಕರೆಸಿದರು.

"ಇವತ್ತ ಶುರು ಅಲ್ಲ?"

"ಹೌದ್ರಿ."

"ಇಪ್ಪತ್ತರಾಗ ಅದಕ್ಕ ಏನೂ ಆಗೂದಿಲ್ಲ. ಎದಿ ಅಗಲ ಇದ್ದಷ್ಟ ಎಣಿಕಿ ಉದ್ದ ಇರಬೇಕು. ನ್ಯಾಯ ಅಂದ್ರ ನ್ಯಾಯ. ನೂರು ಎಣಸ್ರಿ."

"ನೂರು ಯಾರೂ ತಾಳೂದಿಲ್ರಿ."

"ತಾಳಲಿ ಅಂತ ಯಾರ್ ಅಂದಾರ? ಕಲೀಲಿ ಅಂದೆ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರ ತುಟಿ ನೀಲಿಯಾಗಿತ್ತು.

ಬಟ್ಟೆ ಮಡಚಿಕೊಂಡು ಹೋದೆ. ಗುರುಪಾದನ ಮನೆಯ ಮುಂದೆ ಓಣಿಯ ಜನ ಗೋಡೆಗೆ ಒರಗಿ ಕೂತಿದ್ದರು. ದಾರಿ ಬಿಟ್ಟರು. ಒಳಗೆ ಹೋಗಿ ಬಾಗಿಲು ಹಾಕಿದೆ. ಗುರುಪಾದ ನೀರಿನ ಬಟ್ಟಲು ತಂದಿಟ್ಟ. ನೀಲವ್ವ ತೊಟ್ಟಿಲಿಗೆ ಅಡ್ಡ ನಿಂತಳು.

"ನಾ ಬಟ್ಟಿ ಇಡೂದಿಲ್ಲ," ಎಂದೆ ಮೆಲ್ಲಗೆ. "ಎಣಿಕಿ ಅಷ್ಟ ಕೇಳಸ್ತೀನಿ. ಹೊರಗಿನವರಿಗೆ ಎಣಿಕಿ ಕೇಳಿದ್ರ ಸಾಕು."

"ಸುಳ್ಳ ಎಣಿಸಿದ್ರ ಗಾಳಿ ಹೆಚ್ಚಾಗತೈತೇನ್ರಿ? ಬಾಳಕ್ಕನ ಮಾರಿ ನೋಡೀರಿಲ್ಲೋ?" ಎಂದ ಗುರುಪಾದ. ಬಟ್ಟೆ ತೆಗೆದುಕೊಂಡು, ಅದ್ದಿ, ಹಿಂಡದೆ, ತನ್ನ ಮೂಗು ಬಾಯಿಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ಕೂತ. ಎಣಿಸಿರಿ ಎಂದು ಕೈ ಮಾಡಿದ.

ನಾನು ಗಟ್ಟಿಯಾಗಿ ಎಣಿಸಿದೆ. ಇಪ್ಪತ್ತರವರೆಗೆ ಅವನು ಅಲುಗಲಿಲ್ಲ. ಅವನು ಈ ಊರಿನವನೇ. ಮೂವತ್ತಕ್ಕೆ ಕೊರಳಿನ ನರ ಉಬ್ಬಿತು. ನಲವತ್ತಕ್ಕೆ ಹಿಮ್ಮಡಿ ನೆಲಕ್ಕೆ ಒತ್ತಿದ. ಈ ಸಲ ನಾನು ಕ್ಯಾಲೆಂಡರ್ ನೋಡಲಿಲ್ಲ. ನಲವತ್ತಮೂರು ಎಂದಾಗ ಅವನ ಕಣ್ಣು ಮೇಲೆ ಹೋಯಿತು, ನಾನು ನಿಲ್ಲಿಸಿದೆ. ಎಣಿಕೆ ನಿಂತರೆ ಬಟ್ಟೆ ತೆಗೆಯಬೇಕು, ಅದೂ ನಿಯಮ.

ಆಮೇಲೆ ಬಾಗಿಲಾಚೆಯಿಂದ ಹೆಂಗಸಿನ ದನಿ ಬಂತು. "ನಲವತ್ತನಾಕು."

ಬಾಳಕ್ಕನ ದನಿ. ನಲವತ್ತೈದಕ್ಕೆ ಇನ್ನೊಬ್ಬರು ಸೇರಿದರು. ಐವತ್ತಕ್ಕೆ ಇಡೀ ಓಣಿ ಎಣಿಸುತ್ತಿತ್ತು, ಮಂಕು ದನಿಯಲ್ಲಿ, ಒಂದನ್ನೂ ಬಿಡದೆ. ಗುರುಪಾದ ಜಾರುತ್ತಿದ್ದ ಬಟ್ಟೆಯನ್ನು ಮತ್ತೆ ಒತ್ತಿಕೊಂಡ. ನೀಲವ್ವ ಅದನ್ನು ಕಿತ್ತುಕೊಂಡು ತನ್ನ ಮುಖಕ್ಕೆ ಹಾಕಿಕೊಂಡಳು. ಏಳು ದಿನದ ಬಾಣಂತಿ ಐವತ್ತೆರಡರಿಂದ ಎಪ್ಪತ್ತರವರೆಗೆ ತಡೆದಳು. ಆಮೇಲೆ ಅವಳು ಬಟ್ಟೆಯನ್ನು ನನ್ನ ಕಡೆ ಚಾಚಿದಳು.

ಎಷ್ಟೋ ವರ್ಷದ ಮೇಲೆ ಆ ಬಟ್ಟೆ ನನ್ನ ಮುಖದ ಮೇಲೆ ಬಂತು. ತಣ್ಣಗಿತ್ತು, ಅವರಿಬ್ಬರ ಎಂಜಲಿನ ವಾಸನೆಯಿತ್ತು. ಹೊರಗೆ ಎಪ್ಪತ್ತೈದು, ಎಂಬತ್ತು. ಎಂಬತ್ತಾರಕ್ಕೆ ನನ್ನ ಕೈ ನನ್ನ ಮಾತು ಕೇಳದೆ ಬಟ್ಟೆ ಕೀಳಲು ಹೋಯಿತು; ಗುರುಪಾದ ನನ್ನ ಎರಡೂ ಮುಂಗೈ ಹಿಡಿದು ನೆಲಕ್ಕೆ ಒತ್ತಿದ. ಕಾಲು ಬಡಿಯುವ ಸದ್ದು ಕೇಳಿತು, ನನ್ನದೇ ಕಾಲು. ನೂರು ಎಂದದ್ದು ನನಗೆ ಬಹಳ ದೂರದಿಂದ ಕೇಳಿತು.

ಅವನು ಬಟ್ಟೆ ತೆಗೆದ. ಹೊರಗೆ ಓಣಿಯೆಲ್ಲ ಒಟ್ಟಿಗೆ ಒಂದು ಉಸಿರೆಳೆದುಕೊಂಡಿತು. "ಹಗುರಾತು ನೋಡ್ರಿ," ಎಂದರು ಯಾರೋ. ಆಗಿರಲೂಬಹುದು. ಮೂರು ಜನರ ನೂರು ಎಣಿಕೆಯ ಗಾಳಿ ಉಳಿದಿತ್ತು. ತೊಟ್ಟಿಲಲ್ಲಿ ಕೂಸು ನಿದ್ದೆ ಮಾಡುತ್ತಿತ್ತು, ದೀಪ ಅದರ ಕಡೆ ಬಾಗಿತ್ತು. ನಾವು ಮೂವರೂ ಮೂರು ಗೋಡೆಗೆ ಒರಗಿ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಸಂಜೆಯೊಳಗೆ ಇನ್ನೂ ಎರಡು ಸಲ ಇತ್ತು. ನಾಳೆ ಮೂರು. ಕೂಸು ದಿನದಿಂದ ದಿನಕ್ಕೆ ಬೆಳೆಯುವುದೂ ಇತ್ತು.

ಜನ ಎದ್ದು ಹೋದ ಸದ್ದು ಕೇಳಿದ ಮೇಲೆ ಬಾಗಿಲಿಗೆ ಯಾರೋ ಬೆರಳಿನಿಂದ ಬಡಿದರು.

"ಸಾಹೇಬ್ರ. ನಾನ್ರಿ, ಬಾಳಕ್ಕ."

"ಹೇಳವ್ವ."

"ಮೊದಲ ಎಣಿಸಿದಾಕಿ ನಾನ. ನೀವು ನಿಂದ್ರಿಸಿದ್ರಿ, ಸುಮ್ನಿದ್ರ ಚೇರ್ಮನ್ ಮತ್ತ ಒಂದರಿಂದ ಹಚ್ಚಸ್ತಿದ್ದ." ಆಕೆ ನಿಂತು ಸುಧಾರಿಸಿಕೊಂಡಳು. "ಕೂಸ ಇನ್ನೂ ಐತೇನ್ರಿ?"

ನಾನು ನೀಲವ್ವನನ್ನು ನೋಡಿದೆ. ಅವಳು ಹೇಳಿರಿ ಎಂಬಂತೆ ತಲೆ ಆಡಿಸಿದಳು.

"ಐತಿ," ಎಂದೆ.

ಆಕೆಯ ಮಾಲೆಯ ಹೂವಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂದು ನೇರ ತೊಟ್ಟಿಲ ಕಡೆ ಹೋಯಿತು.

"ಹಂಗಾರ ಸಂಜೀಕೂ ನಾನ ಎಣಸ್ತೀನ್ರಿ," ಎಂದಳು ಬಾಳಕ್ಕ. "ಎರಡೆರಡು ನುಂಗಿ ಎಣಸ್ತೀನಿ.. ಬೇಗ ಬೇಗ.. ಯಾರಿಗೂ.." ಮಾತು ಅಲ್ಲಿಗೇ ನಿಂತಿತು, ಆಕೆಗೆ ಆಕಳಿಕೆ ಬಂದಿತ್ತು. ಕೂಸು ಎದ್ದಿತ್ತು.